ಕಾಂತೀಯ ನ್ಯಾನೋ ಕಣಗಳಿಂದ ಪ್ರತಿಜೀವಕ ಸಾಗಣೆ

ಪ್ರತಿಜೀವಕವನ್ನು, ಅಂದರೆ ಆ್ಯಂಟಿಬಯಾಟಿಕ್ ಔಷಧವನ್ನು, ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳ ಮೇಲೆ ಹೇರಿ, ದೇಹದ ಹೊರಗೆ ಅಯಸ್ಕಾಂತ ಹಿಡಿದು, ಸೋಂಕಿರುವ ಜಾಗಕ್ಕೇ ಎಳೆದು ನಿಲ್ಲಿಸುವ ಚಿಕಿತ್ಸಾ ವಿಧಾನ. ಈ ಕಣಗಳ ಗಾತ್ರ ಸಾಮಾನ್ಯವಾಗಿ 5ರಿಂದ 200 ನ್ಯಾನೋಮೀಟರ್. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ ಒಂದು ನ್ಯಾನೋಮೀಟರ್. ಕುರು, ಗಾಯದ ಕೀವುಗಳಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ಅಡ್ಡಳತೆ ಸುಮಾರು 1,000 ನ್ಯಾನೋಮೀಟರ್. ಹಗೆಗಿಂತ ಎಷ್ಟೋ ಪಟ್ಟು ಚಿಕ್ಕದಾದ ವಾಹಕ ಇದು. ಮೊದಲು ಕ್ಯಾನ್ಸರ್ ಔಷಧಗಳಿಗಾಗಿ ಹುಟ್ಟಿದ ಈ ಆಲೋಚನೆ ಸೋಂಕುರೋಗಗಳ ಕಡೆಗೆ ಹೊರಳಿದ್ದು ಮುಖ್ಯವಾಗಿ 2000ದ ನಂತರ. ಪ್ರತಿಜೀವಕಗಳ ಮಟ್ಟಿಗೆ ಇದು ಈಗಲೂ ಪ್ರಯೋಗಾಲಯ ಮತ್ತು ಪ್ರಾಣಿಪ್ರಯೋಗಗಳ ಹಂತದಲ್ಲಿದೆ.

ಅಗತ್ಯ ಎಲ್ಲಿದೆ

ನುಂಗಿದ ಮಾತ್ರೆಗಾಗಲಿ ರಕ್ತನಾಳಕ್ಕೆ ಕೊಟ್ಟ ಚುಚ್ಚುಮದ್ದಿಗಾಗಲಿ ಸೋಂಕು ಎಲ್ಲಿದೆಯೆಂಬುದು ಗೊತ್ತಿರುವುದಿಲ್ಲ. ಅದು ರಕ್ತದ ಜೊತೆ ಇಡೀ ಮೈಗೆ ಹರಡುತ್ತದೆ. ಜೆಂಟಾಮೈಸಿನ್ ಎಂಬ ಪ್ರತಿಜೀವಕ ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ, ಒಳಕಿವಿಯ ಕೋಶಗಳು ಸತ್ತು ಕಿವುಡು ಬರಬಹುದು. ವ್ಯಾಂಕೊಮೈಸಿನ್ ಕೊಡುವಾಗಲೂ ಮೂತ್ರಪಿಂಡದ ಮೇಲೆ ಕಣ್ಣಿಟ್ಟೇ ಇರಬೇಕು. ಹೀಗಾಗಿ ವೈದ್ಯರ ಕೈ ಕಟ್ಟಿಹಾಕಿದಂತಾಗುತ್ತದೆ. ಮೂಳೆಯ ಸೋಂಕಿನಲ್ಲಿ ರಕ್ತಸಂಚಾರವೇ ಸರಿಯಾಗಿಲ್ಲದ ಸತ್ತ ಎಲುಬಿನ ಚೂರಿಗೆ ಔಷಧ ತಲುಪಿಸಲು ನಾಲ್ಕಾರು ವಾರ ಚುಚ್ಚುಮದ್ದು ಕೊಡಬೇಕಾಗುತ್ತದೆ. ಅಷ್ಟು ಕಾಲವೂ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳು ಸಾಯುತ್ತಿರುತ್ತವೆ. ಸೋಂಕಿನ ಜಾಗಕ್ಕೆ ಮಾತ್ರ ಅರೆಬರೆ ಪ್ರಮಾಣದ ಔಷಧ ಸೇರುತ್ತಿರುತ್ತದೆ.

ಅರೆಬರೆ ಪ್ರಮಾಣವೇ ಅಪಾಯ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು: ಕೊಲ್ಲುವಷ್ಟಿಲ್ಲದ ಔಷಧ ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧವನ್ನು ಕಲಿಸುತ್ತದೆ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಜಾಗತಿಕ ಅಂದಾಜಿನಂತೆ, 2019ರಲ್ಲಿ ಪ್ರತಿಜೀವಕಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು 12.7 ಲಕ್ಷ ಮಂದಿ. ಅಂಥ ಸೋಂಕಿನ ಪಾಲಿದ್ದ ಸಾವುಗಳು 49.5 ಲಕ್ಷ.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಈ ವಿಷಯದ ಬಹಳಷ್ಟು ಗೊಂದಲ ಹುಟ್ಟುವುದೇ ಅವನ್ನು ಬೆರೆಸಿದಾಗ. ಒಂದು, ನಿಜವಾದ ಪ್ರತಿರೋಧ. ಬ್ಯಾಕ್ಟೀರಿಯಾ ಔಷಧವನ್ನು ಒಡೆದುಹಾಕುವ ಕಿಣ್ವ ತಯಾರಿಸುತ್ತದೆ, ಇಲ್ಲವೆ ಔಷಧ ಅಂಟಿಕೊಳ್ಳುವ ತನ್ನ ಭಾಗವನ್ನೇ ಬದಲಾಯಿಸಿಕೊಳ್ಳುತ್ತದೆ. ಇನ್ನೊಂದು, ಔಷಧ ತಲುಪದೇ ಇರುವುದು. ಹಳ್ಳದ ಕಲ್ಲಿನ ಮೇಲೆ ಕೈಯಾಡಿಸಿದರೆ ಸಿಗುವ ಲೋಳೆ, ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲಿರುವ ಪಾಚಿ, ಇವೆಲ್ಲ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಸ್ರವಿಸಿಕೊಂಡ ಅಂಟಿನಲ್ಲಿ ಕೂಡಿ ಬಾಳುವ ಬಯೋಫಿಲ್ಮುಗಳು. ಕೃತಕ ಮಂಡಿ, ಹೃದಯದ ಕೃತಕ ಕವಾಟ, ಮೂತ್ರದ ಕ್ಯಾತಿಟರ್, ಇವುಗಳ ಮೇಲೂ ಅದೇ ಲೋಳೆ ಕಟ್ಟುತ್ತದೆ. ಅದರೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲಲು ಬಿಡಿಬಿಡಿಯಾಗಿ ಈಜುವ ಅದೇ ಬ್ಯಾಕ್ಟೀರಿಯಾಕ್ಕೆ ಬೇಕಾದುದರ ನೂರರಿಂದ ಸಾವಿರ ಪಟ್ಟು ಔಷಧ ಬೇಕಾಗಬಹುದು. ಟೋಬ್ರಾಮೈಸಿನ್‌ನಂಥ ಧನವಿದ್ಯುದಾವೇಶದ ಔಷಧ, ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಸ್ರವಿಸುವ ಋಣಾವೇಶದ ಅಂಟಿಗೆ ಮೇಲ್ಪದರದಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ. ಆಳದಲ್ಲಿ ಆಮ್ಲಜನಕ, ಆಹಾರ ಕಡಿಮೆಯಿರುವುದರಿಂದ ಬ್ಯಾಕ್ಟೀರಿಯಾಗಳು ಬೆಳೆಯದೆ ತೂಕಡಿಸುತ್ತಿರುತ್ತವೆ. ಬೆಳೆಯುವ ಕೋಶವನ್ನಷ್ಟೇ ಕೊಲ್ಲಬಲ್ಲ ಪೆನ್ಸಿಲಿನ್ ಬಳಗದ ಔಷಧಗಳು ಅವನ್ನು ಮುಟ್ಟುವುದಿಲ್ಲ.

ಕಾಂತೀಯ ವಾಹಕ ಉತ್ತರವಾಗಬಲ್ಲದ್ದು ಈ ಎರಡನೆಯ ಪ್ರಶ್ನೆಗೆ. ಮೊದಲನೆಯದಕ್ಕೆ ಅದರ ನೆರವು ಸೀಮಿತ. 2009ರಲ್ಲಿ ಬೆಳಕಿಗೆ ಬಂದ ಎನ್‌ಡಿಎಂ-1 ಕಿಣ್ವವಿರುವ ಬ್ಯಾಕ್ಟೀರಿಯಾದ ಮುಂದೆ ಕಾರ್ಬಪೆನೆಮ್ ಔಷಧವನ್ನು ಎಷ್ಟು ನಾಜೂಕಾಗಿ ಒಯ್ದು ಇಳಿಸಿದರೂ ಅಲ್ಲಿ ಅದು ಒಡೆದೇ ಹೋಗುತ್ತದೆ. ಪ್ರತಿರೋಧ ಅಲ್ಪಸ್ವಲ್ಪವಿದ್ದಲ್ಲಿ ಮಾತ್ರ, ಇಡೀ ಮೈ ತಾಳಲಾರದಷ್ಟು ದಟ್ಟ ಪ್ರಮಾಣವನ್ನು ಒಂದೇ ಜಾಗದಲ್ಲಿ ಸುರಿದು ಗೆಲ್ಲುವ ಸಾಧ್ಯತೆಯಿದೆ.

ಹಿನ್ನೆಲೆ

ರೋಗಾಣುವನ್ನೇ ಹುಡುಕಿ ಹೊಡೆಯುವ ಮಾಂತ್ರಿಕ ಗುಂಡಿನ ಕಲ್ಪನೆ ಜರ್ಮನಿಯ ಪಾಲ್ ಎರ್ಲಿಕ್‌ನದು. 1910ರಲ್ಲಿ ಮಾರುಕಟ್ಟೆಗೆ ಬಂದ ಸಾಲ್ವರ್ಸಾನ್ ಆ ದಾರಿಯ ಮೊದಲ ಔಷಧ. ಅಯಸ್ಕಾಂತದಿಂದ ಕಬ್ಬಿಣದ ಕಣಗಳನ್ನು ರಕ್ತನಾಳಗಳಲ್ಲಿ ನಡೆಸಬಹುದೆಂದು ಫ್ರೀಮನ್ ಮತ್ತು ಸಂಗಡಿಗರು 1960ರಲ್ಲಿ ಬರೆದರು. 1963ರಲ್ಲಿ ನಾಸಾದ ಸ್ಟೀಫನ್ ಪ್ಯಾಪೆಲ್, ತೂಕವಿಲ್ಲದ ಸ್ಥಿತಿಯಲ್ಲಿ ರಾಕೆಟ್ಟಿನ ಇಂಧನವನ್ನು ಅಯಸ್ಕಾಂತದಿಂದ ಎಳೆಯಲೆಂದು ಕಾಂತದ್ರವ ತಯಾರಿಸಿದರು. ದ್ರವದಲ್ಲಿ ತಳ ಸೇರದೆ ತೇಲುವ ಕಾಂತಕಣಗಳ ತಂತ್ರವನ್ನು ವೈದ್ಯಕೀಯ ಮುಂದೆ ತನ್ನದಾಗಿಸಿಕೊಂಡಿತು. 1970ರ ದಶಕದ ಕೊನೆಯಲ್ಲಿ ವಿಡ್ಡರ್, ಸೆನ್ಯೆಯಿ ಮೊದಲಾದವರು ಆಲ್ಬುಮಿನ್ ಪ್ರೋಟೀನಿನ ಪುಟ್ಟ ಗೋಲಿಗಳಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಮತ್ತು ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್ ಎರಡನ್ನೂ ತುಂಬಿ ಪ್ರಾಣಿಗಳಲ್ಲಿ ಪರೀಕ್ಷಿಸಿದರು. ಮನುಷ್ಯರ ಮೇಲಿನ ಮೊದಲ ಪರೀಕ್ಷೆಯನ್ನು 1996ರಲ್ಲಿ ವರದಿ ಮಾಡಿದ್ದು ಬರ್ಲಿನ್‌ನ ಲ್ಯೂಬೆ ತಂಡ. 14 ಕ್ಯಾನ್ಸರ್ ರೋಗಿಗಳಿಗೆ ಎಪಿರುಬಿಸಿನ್ ಅಂಟಿಸಿದ ಕಾಂತದ್ರವ ಕೊಟ್ಟು, ಗಡ್ಡೆಯ ಪಕ್ಕದಲ್ಲೇ ಅಯಸ್ಕಾಂತ ಇಡಲಾಗಿತ್ತು. ಕಣಗಳು ಗುರಿ ಸೇರಿದ್ದು ಸುಮಾರು ಅರ್ಧದಷ್ಟು ರೋಗಿಗಳಲ್ಲಿ. ಉಳಿದಂತೆ ಬಹಳಷ್ಟು ಕಣಗಳು ಯಕೃತ್ತಿಗೆ ಹೋಗಿದ್ದವು. ಮುಂದಿನ ಎಲ್ಲ ಸಂಶೋಧನೆಯೂ ಈ ಫಲಿತಾಂಶದ ನೆರಳಿನಲ್ಲೇ ನಡೆದಿದೆ ಎನ್ನಬಹುದು.

ಸಣ್ಣದಾದರೆ ಬದಲಾಗುವ ಕಾಂತಗುಣ

ಬಳಕೆಯಲ್ಲಿರುವ ಕಣಗಳು ಹೆಚ್ಚಾಗಿ ಮ್ಯಾಗ್ನಟೈಟ್ ಇಲ್ಲವೆ ಅದರ ಉತ್ಕರ್ಷಿತ ರೂಪವಾದ ಮ್ಯಾಗ್‌ಹೆಮೈಟ್. ದೊಡ್ಡ ತುಣುಕಾಗಿದ್ದಾಗ ಮ್ಯಾಗ್ನಟೈಟ್ ಶಾಶ್ವತ ಅಯಸ್ಕಾಂತವಾಗಬಲ್ಲದು. ಸುಮಾರು 20–30 ನ್ಯಾನೋಮೀಟರಿಗಿಂತ ಸಣ್ಣದಾದರೆ ಅದರ ಕಾಂತಧ್ರುವಗಳು ಕೋಣೆಯ ಉಷ್ಣತೆಗೇ ಅತ್ತಿತ್ತ ಹೊರಳಾಡುತ್ತ ಒಟ್ಟಾರೆ ಪರಿಣಾಮ ಸೊನ್ನೆಯಾಗುತ್ತದೆ. ಅಯಸ್ಕಾಂತ ಹತ್ತಿರ ಬಂದರೆ ಎಲ್ಲವೂ ಒಂದೇ ದಿಕ್ಕಿಗೆ ನಿಲ್ಲುತ್ತವೆ. ತೆಗೆದ ಕೂಡಲೇ ಮತ್ತೆ ಚೆದುರುತ್ತವೆ. ಇದೇ ಸೂಪರ್ ಪ್ಯಾರಾಮ್ಯಾಗ್ನೆಟಿಸಂ. ಇದರ ಸಿದ್ಧಾಂತವನ್ನು 1949ರಲ್ಲಿ ಕಟ್ಟಿದವರು ಫ್ರಾನ್ಸಿನ ಲೂಯಿ ನೀಲ್. ಕಾಂತವಿಜ್ಞಾನದ ಕೆಲಸಕ್ಕಾಗಿ ಅವರಿಗೆ 1970ರ ನೊಬೆಲ್ ಬಂತು. ರಕ್ತದಲ್ಲಿ ಬಿಡುವ ಕಣಕ್ಕೆ ಈ ಗುಣ ಅತ್ಯಗತ್ಯ. ಅಯಸ್ಕಾಂತ ತೆಗೆದ ಮೇಲೂ ಕಣಗಳು ಒಂದನ್ನೊಂದು ಸೆಳೆಯುತ್ತಿದ್ದರೆ ಗಂಟುಕಟ್ಟಿ ರಕ್ತನಾಳವನ್ನೇ ಮುಚ್ಚಿಬಿಡುತ್ತವೆ.

ಆದರೆ ಸಣ್ಣತನಕ್ಕೆ ತೆರಬೇಕಾದ ಬೆಲೆಯಿದೆ. ಸ್ವಲ್ಪ ಲೆಕ್ಕ ಹಾಕಿದರೆ ಅದು ಸ್ಪಷ್ಟವಾಗುತ್ತದೆ. ಅಯಸ್ಕಾಂತದ ಬಲ ಎಷ್ಟೇ ಇರಲಿ, ಕಣವನ್ನು ಎಳೆಯುವುದು ಆ ಬಲ ಜಾಗದಿಂದ ಜಾಗಕ್ಕೆ ಬದಲಾಗುವ ಇಳಿಜಾರು. ಬಲವಾದ ನಿಯೋಡಿಮಿಯಂ ಅಯಸ್ಕಾಂತದ ತೀರ ಹತ್ತಿರದಲ್ಲಿ ಈ ಇಳಿಜಾರು ಮೀಟರಿಗೆ 10 ಟೆಸ್ಲಾ ಇದೆಯೆಂದು ಇಟ್ಟುಕೊಳ್ಳೋಣ. 10 ನ್ಯಾನೋಮೀಟರ್ ಅಡ್ಡಳತೆಯ ಒಂಟಿ ಮ್ಯಾಗ್ನಟೈಟ್ ಕಣ ನೀರಿನಲ್ಲಿ ಆಗ ಸಾಗುವ ವೇಗ ಸೆಕೆಂಡಿಗೆ 25–30 ನ್ಯಾನೋಮೀಟರ್ ಅಷ್ಟೆ. ಅತಿಸಣ್ಣ ಲೋಮನಾಳದಲ್ಲಿಯೂ ರಕ್ತ ಸೆಕೆಂಡಿಗೆ ಸುಮಾರು ಅರ್ಧ ಮಿಲಿಮೀಟರ್, ಅಂದರೆ 5 ಲಕ್ಷ ನ್ಯಾನೋಮೀಟರ್ ಹರಿಯುತ್ತದೆ. ಒಂಟಿ ಕಣ ಆ ಹರಿವಿನಲ್ಲಿ ಕೊಚ್ಚಿಹೋಗುವುದೇ ಸೈ. ಎಳೆಯುವ ಬಲ ಕಣದ ಗಾತ್ರದ ಘನಕ್ಕೆ ಅನುಗುಣವಾಗಿ ಏರುತ್ತದೆ, ತಡೆಯುವ ಘರ್ಷಣೆ ಗಾತ್ರಕ್ಕೆ ಅನುಗುಣವಾಗಿ ಮಾತ್ರ. ಆದ್ದರಿಂದ ಸಣ್ಣ ಕಣಗಳನ್ನೇ ಒಟ್ಟುಗೂಡಿಸಿ 100 ನ್ಯಾನೋಮೀಟರಿನ ಉಂಡೆ ಮಾಡಿದರೆ ವೇಗ ಹೆಚ್ಚೂಕಡಿಮೆ ನೂರು ಪಟ್ಟಾಗಿ ಸೆಕೆಂಡಿಗೆ 2–3 ಮೈಕ್ರೋಮೀಟರಿಗೆ ಮುಟ್ಟುತ್ತದೆ. 8 ಮೈಕ್ರೋಮೀಟರ್ ಅಗಲದ ಲೋಮನಾಳದಲ್ಲಿ ಅಷ್ಟು ವೇಗವಿದ್ದರೆ ಕಣ ಗೋಡೆಗೆ ತಾಗಿ ನಿಲ್ಲುವ ಅವಕಾಶ ನಿಜವಾಗಿಯೂ ಇದೆ. ಸೂಪರ್ ಪ್ಯಾರಾಮ್ಯಾಗ್ನೆಟಿಸಂ ಉಳಿಸಿಕೊಂಡೇ ಎಳೆತವನ್ನೂ ಪಡೆಯಲು ಸಂಶೋಧಕರು ಹಿಡಿದಿರುವ ದಾರಿ ಇದೇ: ಹಲವು ಪುಟ್ಟ ಕಣಗಳ ಗೊಂಚಲನ್ನು ಪಾಲಿಮರಿನಲ್ಲೋ ಸಿಲಿಕಾದಲ್ಲೋ ಹುದುಗಿಸುವುದು.

ಇಳಿಜಾರಿನ ಇನ್ನೊಂದು ಪರಿಣಾಮ ಆಳದ ಮಿತಿ. ಅಯಸ್ಕಾಂತದಿಂದ ಕೆಲವೇ ಸೆಂಟಿಮೀಟರ್ ಸರಿದರೆ ಸೆಳೆತ ಕುಸಿಯುತ್ತದೆ. ಚರ್ಮ, ಹಲ್ಲು, ಮಂಡಿ, ಮೂಗಿನ ಪಕ್ಕದ ಸೈನಸ್, ಕಿವಿ ಇವು ಕೈಗೆಟಕುವ ಗುರಿಗಳು. ಎದೆಗೂಡಿನ ನಡುವಿನ ಹೃದಯದ ಕವಾಟ ಹಾಗಲ್ಲ. ಈ ವಿಧಾನದ ಬಗ್ಗೆ ಉತ್ಸಾಹದಿಂದ ಬರೆಯುವ ಎಷ್ಟೋ ಲೇಖನಗಳು ಈ ಒಂದು ಮಾತನ್ನು ಹಾರಿಸಿಬಿಡುತ್ತವೆ. ಓದುಗ ಮೊದಲು ಕೇಳಬೇಕಾದ ಪ್ರಶ್ನೆ ಸೋಂಕು ಎಷ್ಟು ಆಳದಲ್ಲಿದೆ ಎಂಬುದೇ.

ತಯಾರಿಕೆ

1981ರಲ್ಲಿ ಫ್ರಾನ್ಸಿನ ರೆನೆ ಮಸಾರ್ ಪ್ರಕಟಿಸಿದ ಸಹ-ಅವಕ್ಷೇಪನ ವಿಧಾನ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲೂ ಮಾಡಬಹುದಾದಷ್ಟು ಸರಳ. ಫೆರಸ್ ಮತ್ತು ಫೆರಿಕ್ ಲವಣಗಳನ್ನು 1:2ರ ಪ್ರಮಾಣದಲ್ಲಿ ನೀರಿನಲ್ಲಿ ಕರಗಿಸಿ, ಗಾಳಿ ತಾಗದಂತೆ ನೈಟ್ರೋಜನ್ ಹಾಯಿಸುತ್ತ ಕಲಕಬೇಕು. ಕಿತ್ತಳೆ ಹಳದಿಯ ಆ ದ್ರಾವಣಕ್ಕೆ ಅಮೋನಿಯಾ ಬೀಳುತ್ತಿದ್ದಂತೆ ಅದು ಕಪ್ಪಗೆ ತಿರುಗುತ್ತದೆ. ಬೀಕರಿನ ತಳಕ್ಕೆ ಅಯಸ್ಕಾಂತ ಒತ್ತಿ ಹಿಡಿದರೆ ಕಪ್ಪು ಪುಡಿಯೆಲ್ಲ ಕೆಳಗೆ ಕೂತು ಮೇಲಿನ ನೀರು ತಿಳಿಯಾಗುತ್ತದೆ. ಆ ನೀರನ್ನು ಬಸಿದು ಮತ್ತೆ ಮತ್ತೆ ತೊಳೆಯುತ್ತಾರೆ. ಗಾಳಿ ತಾಗಿದರೆ ಕಪ್ಪು ಕಂದಾಗುತ್ತದೆ: ಮ್ಯಾಗ್ನಟೈಟ್ ಮ್ಯಾಗ್‌ಹೆಮೈಟ್ ಆದುದರ ಕುರುಹು. ಈ ವಿಧಾನದಲ್ಲಿ ಕಣಗಳ ಗಾತ್ರ ಒಂದೇ ಸಮ ಬರುವುದಿಲ್ಲ. ಸಮಗಾತ್ರ ಬೇಕಾದರೆ ಕಬ್ಬಿಣದ ಸಾವಯವ ಸಂಯುಕ್ತಗಳನ್ನು ಒಲೆಯಿಕ್ ಆಮ್ಲದ ಜೊತೆ ಹೆಚ್ಚಿನ ಉಷ್ಣತೆಯಲ್ಲಿ ವಿಘಟಿಸುತ್ತಾರೆ.

ಬರಿಯ ಕಣ ಔಷಧ ಹೊರಲಾರದು. ಡೆಕ್ಸ್ಟ್ರಾನ್, ಕೈಟೊಸಾನ್, ಪಾಲಿಎಥಿಲಿನ್ ಗ್ಲೈಕಾಲ್ ಇಲ್ಲವೆ ಸಿಲಿಕಾದ ಹೊದಿಕೆ ಕೊಟ್ಟು ಅದರ ಮೇಲೆ ಔಷಧವನ್ನು ಕೂರಿಸಬೇಕು. ಕೂರಿಸುವ ಬಂಧ ಗಟ್ಟಿಯಾಗಿದ್ದರೆ ಗುರಿ ಸೇರಿದ ಮೇಲೂ ಔಷಧ ಬಿಡುವುದಿಲ್ಲ, ಸಡಿಲವಾಗಿದ್ದರೆ ದಾರಿಯಲ್ಲೇ ಉದುರುತ್ತದೆ. ಕೀವು ತುಂಬಿದ ಜಾಗವೂ ಬಯೋಫಿಲ್ಮಿನ ಒಳಭಾಗವೂ ರಕ್ತಕ್ಕಿಂತ ಹೆಚ್ಚು ಆಮ್ಲೀಯ. ಆಮ್ಲದಲ್ಲಷ್ಟೇ ಮುರಿಯುವ ಬಂಧಗಳನ್ನು ಬಳಸುವುದು ಒಂದು ಜಾಣ್ಮೆ. ಇನ್ನೊಂದು, ಔಷಧವನ್ನೂ ಕಣಗಳನ್ನೂ ಒಟ್ಟಿಗೆ ಕೊಬ್ಬಿನ ಪೊರೆಯ ಲಿಪೋಸೋಮಿನಲ್ಲಿ ತುಂಬುವುದು. ಈ ಪೊರೆಗೆ ಬಳಸುವ ಒಂದು ಲಿಪಿಡ್ 41 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಡಿಲವಾಗುತ್ತದೆ. ಹೊರಗಿನಿಂದ ವೇಗವಾಗಿ ದಿಕ್ಕು ಬದಲಿಸುವ ಕಾಂತಕ್ಷೇತ್ರ ಕೊಟ್ಟರೆ ಕಣಗಳು ಬಿಸಿಯಾಗಿ, ಪೊರೆ ಸಡಿಲಗೊಂಡು, ಔಷಧ ಹೊರಬರುತ್ತದೆ. ಎಳೆಯುವುದಕ್ಕೂ ಬಿಡುಗಡೆಗೂ ಒಂದೇ ಕಣ ಒದಗುವ ಈ ಬಗೆ ನನ್ನ ದೃಷ್ಟಿಯಲ್ಲಿ ಇಡೀ ಕ್ಷೇತ್ರದ ಅತ್ಯಂತ ಚೆಲುವಾದ ಆಲೋಚನೆ.

ಪ್ರಯೋಗಗಳು

ಪ್ರತಿಜೀವಕವನ್ನು ಕಾಂತಕಣಕ್ಕೆ ಕಟ್ಟಿದ ಮೊದಲ ಪ್ರಸಿದ್ಧ ಕೆಲಸಗಳಲ್ಲಿ ಒಂದು ಚಿಕಿತ್ಸೆಗಾಗಿ ನಡೆದದ್ದಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಬಿಂಗ್ ಕ್ಸು ತಂಡ ಕಬ್ಬಿಣ-ಪ್ಲಾಟಿನಂ ಕಣಗಳಿಗೆ ವ್ಯಾಂಕೊಮೈಸಿನ್ ಅಂಟಿಸಿ, ದ್ರಾವಣದಲ್ಲಿ ಅತ್ಯಲ್ಪ ಸಂಖ್ಯೆಯಲ್ಲಿದ್ದ ಬ್ಯಾಕ್ಟೀರಿಯಾಗಳನ್ನು ಅಯಸ್ಕಾಂತದಿಂದ ಹೊರಗೆಳೆದು ಪತ್ತೆ ಹಚ್ಚಿತು. ಬ್ಯಾಕ್ಟೀರಿಯಾದ ಕೋಶಭಿತ್ತಿಯ ಒಂದು ನಿರ್ದಿಷ್ಟ ತುದಿಗೆ ವ್ಯಾಂಕೊಮೈಸಿನ್ ಅಂಟುತ್ತದೆ. ಈ ಔಷಧಕ್ಕೆ ಬಗ್ಗದ ಎಂಟರೊಕಾಕಸ್ ಬ್ಯಾಕ್ಟೀರಿಯಾ ಆ ತುದಿಯನ್ನು ಬದಲಿಸಿಕೊಂಡಿರುತ್ತದೆ. ಆದರೂ ಒಂದು ಕಣದ ಮೇಲೆ ಹಲವು ವ್ಯಾಂಕೊಮೈಸಿನ್ ಅಣುಗಳು ಒಟ್ಟಾಗಿ ಹಿಡಿದಾಗ ಅಂಥ ಎಂಟರೊಕಾಕಸ್ ಕೂಡ ಸೆರೆಸಿಕ್ಕಿತು.

ಬಯೋಫಿಲ್ಮಿನ ವಿಷಯದಲ್ಲಿ 2017ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಥಾಮಸ್ ವೆಬ್‌ಸ್ಟರ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ಗಮನಾರ್ಹ. ಪಾಲಿಮರಿನ ಪುಟ್ಟ ಕೋಶಗಳಲ್ಲಿ ಕಬ್ಬಿಣದ ಆಕ್ಸೈಡನ್ನೂ ಮೆಥಿಸಿಲಿನ್ ಔಷಧವನ್ನೂ ತುಂಬಿ, ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್‌ನ 20 ಮೈಕ್ರೋಮೀಟರ್ ದಪ್ಪದ ಲೋಳೆಪದರದ ಮೇಲೆ ಹಾಕಿ ಕೆಳಗಿನಿಂದ ಅಯಸ್ಕಾಂತ ಹಿಡಿದಾಗ, ಔಷಧ ಮೇಲ್ಪದರದಲ್ಲಿ ನಿಲ್ಲದೆ ತಳದವರೆಗೂ ಇಳಿದು ಬ್ಯಾಕ್ಟೀರಿಯಾಗಳನ್ನು ಕೊಂದಿತು. ಇಲ್ಲಿ ದಾಟಬೇಕಾದ ದೂರ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ ಮಾತ್ರ. ಸೆಕೆಂಡಿಗೆ ಒಂದೆರಡು ಮೈಕ್ರೋಮೀಟರ್ ಸಾಗುವ ಕಣಕ್ಕೆ, ಲೋಳೆ ಎಷ್ಟೇ ತಡೆದರೂ, ಅದು ಮುಟ್ಟಬಹುದಾದ ದೂರ. ರಕ್ತದ ಹರಿವಿನ ವಿರುದ್ಧ ಸೋಲುವ ಬಲವೇ ನಿಂತ ಲೋಳೆಯಲ್ಲಿ ಗೆಲ್ಲುತ್ತದೆ.

ಕಬ್ಬಿಣದ ಆಕ್ಸೈಡ್ ತಾನೇ ಒಂದು ಆಯುಧ ಎಂಬುದೂ ಗೊತ್ತಾಗಿದೆ. ಮ್ಯಾಗ್ನಟೈಟ್ ಕಣಗಳು ಪೆರಾಕ್ಸಿಡೇಸ್ ಕಿಣ್ವದಂತೆ ವರ್ತಿಸುತ್ತವೆಂದು 2007ರಲ್ಲಿ ಚೀನಾದ ಯಾನ್ ಕ್ಸಿಯುನ್ ತಂಡ ತೋರಿಸಿತು. ಅಂದರೆ ಅವು ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಬ್ಯಾಕ್ಟೀರಿಯಾ ಸುಡುವ ಮುಕ್ತ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹ್ಯುನ್ ಕೂ ತಂಡ 2019ರಲ್ಲಿ ಇದೇ ಗುಣವನ್ನು ಕಾಂತಚಲನೆಯ ಜೊತೆ ಸೇರಿಸಿತು: ಕಣಗಳು ಲೋಳೆಯನ್ನು ಮೊದಲು ಸುಟ್ಟು ಸಡಿಲಗೊಳಿಸುತ್ತವೆ, ನಂತರ ಅಯಸ್ಕಾಂತ ಅವನ್ನು ಓಡಾಡಿಸಿ ಆ ಲೋಳೆಯನ್ನು ಕೆರೆದು ತೆಗೆಯುತ್ತದೆ. ದೇಹದೊಳಗಿನ ಆಳದ ತೊಡಕನ್ನೇ ತಪ್ಪಿಸಿಕೊಂಡ ಇನ್ನೊಂದು ದಾರಿ ಹಾರ್ವರ್ಡ್‌ನ ವಿಸ್ ಸಂಸ್ಥೆಯದು. 2014ರಲ್ಲಿ ಡೊನಾಲ್ಡ್ ಇಂಗ್‌ಬರ್ ತಂಡ, ರೋಗಾಣುಗಳಿಗೆ ಅಂಟುವ ಪ್ರೋಟೀನ್ ಹೊದಿಸಿದ ಕಾಂತಕಣಗಳನ್ನು ಇಲಿಗಳ ರಕ್ತಕ್ಕೆ ಬೆರೆಸಿ, ಆ ರಕ್ತವನ್ನು ದೇಹದ ಹೊರಗಿನ ಪುಟ್ಟ ಸಾಧನದಲ್ಲಿ ಹಾಯಿಸಿ, ಅಲ್ಲಿ ಅಯಸ್ಕಾಂತದಿಂದ ಕಣಗಳನ್ನು ಬ್ಯಾಕ್ಟೀರಿಯಾ ಸಮೇತ ಹಿಡಿದು ತೆಗೆಯಿತು.

ಕರ್ನಾಟಕದಲ್ಲಿ ಈ ಬಗೆಯ ಗಟ್ಟಿ ಕೆಲಸ ನಡೆದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ನ್ಯಾನೋ ವಿಜ್ಞಾನ ಕೇಂದ್ರದ ಅಂಬರೀಶ್ ಘೋಷ್ ಅವರ ಪ್ರಯೋಗಾಲಯ ಸುರುಳಿಯಾಕಾರದ, ತಿರುಪುಮೊಳೆಯಂತೆ ತಿರುಗುತ್ತ ಮುನ್ನುಗ್ಗುವ ನ್ಯಾನೋ ಈಜುಗಗಳನ್ನು ವರ್ಷಗಳಿಂದ ರೂಪಿಸುತ್ತ ಬಂದಿದೆ. ತಿರುಗುವ ಕಾಂತಕ್ಷೇತ್ರದಲ್ಲಿ ಸುರುಳಿ ತಾನೂ ತಿರುಗಿ ಮುಂದೆ ಹೋಗುವುದರಿಂದ ಇಳಿಜಾರಿನ ಎಳೆತವನ್ನೇ ನೆಚ್ಚಬೇಕಾಗಿಲ್ಲ. ರೂಟ್ ಕೆನಾಲ್ ಮಾಡಿಸಿದ ಹಲ್ಲು ಕೆಲವೊಮ್ಮೆ ಮತ್ತೆ ನೋಯುವುದಕ್ಕೆ ಕಾರಣ, ಹಲ್ಲಿನ ದಂತದ್ರವ್ಯದಲ್ಲಿರುವ ಕೂದಲಿಗಿಂತ ಸಪೂರ ಕೊಳವೆಗಳಲ್ಲಿ ಎಂಟರೊಕಾಕಸ್ ಫೀಕಾಲಿಸ್ ಅಡಗಿ ಉಳಿಯುವುದು. 2022ರಲ್ಲಿ ಈ ಸಂಸ್ಥೆಯ ಸಂಶೋಧಕರೂ ಅಲ್ಲಿಯೇ ಹುಟ್ಟಿದ ಥೆರನಾಟಿಲಸ್ ಕಂಪನಿಯವರೂ ಕಬ್ಬಿಣ ಲೇಪಿಸಿದ ಸಿಲಿಕಾ ಸುರುಳಿಗಳನ್ನು ಕಿತ್ತ ಹಲ್ಲುಗಳ ಆ ಕೊಳವೆಗಳೊಳಗೆ 2,000 ಮೈಕ್ರೋಮೀಟರ್ ಆಳದವರೆಗೆ ನಡೆಸಿ, ಅಲ್ಲೇ ಬಿಸಿಮಾಡಿ ಬ್ಯಾಕ್ಟೀರಿಯಾಗಳನ್ನು ಕೊಂದುದನ್ನು ವರದಿ ಮಾಡಿದರು. ಇದರಲ್ಲಿ ಪ್ರತಿಜೀವಕದ ಬಳಕೆ ಇಲ್ಲ. ಆದರೆ ಔಷಧದ ನೀರು ತಲುಪದ ಜಾಗಕ್ಕೆ ಕಾಂತಕಣ ತಲುಪಬಲ್ಲದು ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಪ್ರಯೋಗಗಳು ಕಡಿಮೆ.

ತೊಡಕುಗಳು

ರಕ್ತಕ್ಕೆ ಇಳಿದ ಕೂಡಲೇ ಕಣಗಳ ಮೇಲೆ ಪ್ರೋಟೀನುಗಳು ಮುತ್ತಿಕೊಂಡು ಹೊಸ ಹೊದಿಕೆ ಕಟ್ಟುತ್ತವೆ. ಅದನ್ನು ಗುರುತಿಸಿದ ಯಕೃತ್ತು ಮತ್ತು ಗುಲ್ಮದ ಭಕ್ಷಕ ಕೋಶಗಳು ಕಣಗಳನ್ನು ನುಂಗಿಬಿಡುತ್ತವೆ. ಪಾಲಿಎಥಿಲಿನ್ ಗ್ಲೈಕಾಲ್ ಹೊದಿಕೆ ಇದನ್ನು ತಡಮಾಡುತ್ತದೆ, ತಪ್ಪಿಸುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ಕಬ್ಬಿಣದ ಪ್ರಶ್ನೆ. ವಯಸ್ಕರ ಮೈಯಲ್ಲಿ ಇರುವ ಕಬ್ಬಿಣವೇ 3–4 ಗ್ರಾಂ. ದಿನಕ್ಕೆ ಹೀರಿಕೊಳ್ಳುವುದು 1–2 ಮಿಲಿಗ್ರಾಂ. ಹೆಚ್ಚಾದುದನ್ನು ಹೊರಹಾಕುವ ಪ್ರತ್ಯೇಕ ದಾರಿ ದೇಹಕ್ಕಿಲ್ಲ. ಬ್ಯಾಕ್ಟೀರಿಯಾಗೂ ಬೆಳೆಯಲು ಕಬ್ಬಿಣ ಬೇಕೇ ಬೇಕು. ಸೋಂಕು ತಗುಲಿದಾಗ ದೇಹ ಹೆಪ್ಸಿಡಿನ್ ಹಾರ್ಮೋನನ್ನು ಹೆಚ್ಚಿಸಿ ರಕ್ತದ ಕಬ್ಬಿಣವನ್ನು ಬಚ್ಚಿಡುತ್ತದೆ. ಬ್ಯಾಕ್ಟೀರಿಯಾ ಸಿಡೆರೊಫೋರ್ ಎಂಬ ಅಣುಗಳನ್ನು ಹೊರಬಿಟ್ಟು ಅದನ್ನು ಕಿತ್ತುಕೊಳ್ಳಲು ನೋಡುತ್ತದೆ. ಇಂಥ ಹೋರಾಟದ ನಡುವೆ ಸೋಂಕಿನ ಜಾಗಕ್ಕೇ ಕಬ್ಬಿಣ ಸುರಿಯುವುದು ಸರಿಯೇ? 2012ರಲ್ಲಿ ಅಮೆರಿಕದ ಪ್ರಯೋಗವೊಂದು, ಕಬ್ಬಿಣದ ಆಕ್ಸೈಡ್ ಕಣಗಳನ್ನು ಹಾಕಿದಾಗ ಸ್ಯೂಡೊಮೊನಾಸ್ ಬಯೋಫಿಲ್ಮ್ ಕುಗ್ಗುವ ಬದಲು ಹೆಚ್ಚಿತೆಂದು ವರದಿ ಮಾಡಿತು. ಹೊದಿಕೆ ಗಟ್ಟಿಯಾಗಿದ್ದು ಕಬ್ಬಿಣ ಕರಗಿ ಹೊರಬರದಿದ್ದರೆ ತೊಂದರೆ ಕಡಿಮೆ ಎಂಬುದು ಒಂದು ಉತ್ತರ. ಕೆಲಸ ಮುಗಿದ ಮೇಲೆ ಕಣಗಳನ್ನು ಅದೇ ಅಯಸ್ಕಾಂತದಿಂದ ಹೊರಗೆ ತೆಗೆಯುವುದು, ಹಲ್ಲು ಅಥವಾ ತೆರೆದ ಗಾಯದಲ್ಲಿ ಸಾಧ್ಯವಿರುವ ಇನ್ನೊಂದು ಉತ್ತರ. ಬ್ಯಾಕ್ಟೀರಿಯಾದ ಕಬ್ಬಿಣದ ಹಸಿವನ್ನೇ ಔಷಧದ ಬಾಗಿಲಾಗಿಸಿಕೊಂಡ ಸೆಫಿಡೆರೊಕಾಲ್ ಎಂಬ ಪ್ರತಿಜೀವಕಕ್ಕೆ ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. ಅದರಲ್ಲಿ ಅಯಸ್ಕಾಂತವಿಲ್ಲ, ಆದರೆ ಕಬ್ಬಿಣವನ್ನು ನಿರ್ಲಕ್ಷಿಸಿ ಸೋಂಕಿನ ಔಷಧ ರೂಪಿಸಲಾಗದು ಎಂಬುದನ್ನು ಅದು ಮನದಟ್ಟು ಮಾಡಿಸುತ್ತದೆ.

ಕಬ್ಬಿಣದ ಆಕ್ಸೈಡ್ ಕಣಗಳು ವೈದ್ಯಕೀಯಕ್ಕೆ ತೀರ ಹೊಸವಲ್ಲ ಎಂಬುದು ಭರವಸೆಯ ಸಂಗತಿ. ರಕ್ತಹೀನತೆಗೆ ಕೊಡುವ ಫೆರುಮಾಕ್ಸಿಟಾಲ್ ಅಂಥ ಕಣಗಳ ಚುಚ್ಚುಮದ್ದೇ. ಅಮೆರಿಕದಲ್ಲಿ 2009ರಿಂದ ಬಳಕೆಯಲ್ಲಿದೆ. ಕೆಲವರಲ್ಲಿ ಪ್ರಾಣಾಪಾಯದ ಅಲರ್ಜಿ ಕಂಡುಬಂದುದರಿಂದ 2015ರಲ್ಲಿ ಅದರ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಲಾಯಿತು. ಮೆದುಳಿನ ಗಡ್ಡೆಯನ್ನು ಕಾಂತಕಣಗಳಿಂದ ಬಿಸಿಮಾಡುವ ಚಿಕಿತ್ಸೆಗೆ ಯುರೋಪ್ 2010ರಲ್ಲಿ ಒಪ್ಪಿಗೆ ಕೊಟ್ಟಿದೆ.

ಮೂಳೆ ಶಸ್ತ್ರಚಿಕಿತ್ಸಕರು ಸೋಂಕಿನ ಜಾಗದಲ್ಲೇ ಔಷಧ ಇರಿಸುವ ಸರಳ ದಾರಿಯನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ: 1970ರಲ್ಲಿ ಹ್ಯಾಂಬರ್ಗಿನ ಬುಖೋಲ್ಟ್ಸ್ ಮತ್ತು ಸಂಗಡಿಗರು ಮೂಳೆ ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸಿದ್ದನ್ನು ವರದಿ ಮಾಡಿದರು, ಅದು ಇಂದಿಗೂ ಜಗತ್ತಿನಾದ್ಯಂತ ನಡೆದಿದೆ. ಕಾಂತೀಯ ವಾಹಕ ಈ ಸಿಮೆಂಟನ್ನು ಮೀರಿಸಿ ತೋರಿಸಬೇಕು. ಶಸ್ತ್ರಚಿಕಿತ್ಸೆ ಇಲ್ಲದೆ, ಕೃತಕ ಕೀಲನ್ನು ಕಿತ್ತು ತೆಗೆಯದೆ, ಅದರ ಮೇಲಿನ ಲೋಳೆಯನ್ನು ನಾಶಮಾಡಬಲ್ಲದಾದರೆ ಮಾತ್ರ ಅದಕ್ಕೆ ಆಸ್ಪತ್ರೆಯಲ್ಲಿ ಜಾಗವಿದೆ. ಚರ್ಮಕ್ಕೆ ಹತ್ತಿರದ ಮಂಡಿ, ಹಲ್ಲು, ಮಧುಮೇಹಿಗಳ ಕಾಲಿನ ವಾಸಿಯಾಗದ ಹುಣ್ಣು, ಮನುಷ್ಯರ ಮೇಲಿನ ಪರೀಕ್ಷೆ ಮೊದಲು ಆರಂಭವಾಗಬೇಕಾದದ್ದು ಇಲ್ಲಿ. ರಕ್ತದಲ್ಲಿ ಹರಡಿದ ಸೆಪ್ಸಿಸ್‌ನಲ್ಲಿ ಅಲ್ಲ. ಅಯಸ್ಕಾಂತದಿಂದ ನಡೆಸುವ ಯಾವ ಪ್ರತಿಜೀವಕವೂ ಈವರೆಗೆ ಪರವಾನಗಿ ಪಡೆದು ಮಾರುಕಟ್ಟೆಗೆ ಬಂದಿಲ್ಲ.